ಟಪಾಲು ನೌಕರರ ಮುಷ್ಕರ: ಹೂಡತಕ್ಕದ್ದೋ, ಬಿಡತಕ್ಕದ್ದೋ?

(ಟಪಾಲು ನೌಕರರೂ ಊರಿನ ನಾಗರಿಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮುಷ್ಕರದ ವಿಷಯವಾಗಿ ಮಾತಾಡಲು ವಕೀಲರನ್ನು ಕರೆದಾಗ, ಅದು ಕಾಯಿದೆಗೆ ಸರಿಯೋ ತಪ್ಪೋ ಎಂಬಷ್ಟನ್ನೇ ಜನರು ಸಾಮಾನ್ಯವಾಗಿ ಅಪೇಕ್ಷಿಸುವರು. ಅದನ್ನು ನಾವು ಹೇಳದೆ ಬಿಡುವದಿಲ್ಲ. ಆದರೆ ಕಾಯಿದೆಯು ತಡೆದುದನ್ನೆಲ್ಲ ಬಿಡತಕ್ಕದ್ದೆಂದು ಈ ನಾಡಿನಲ್ಲಿ ಯಾರೂ ಎದೆ ತಟ್ಟಿ ಹೇಳಲಾರರು. 1930ರಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಉಪ್ಪು ಮಾಡಿ ಸೆರೆಮನೆಗೆ ನಡೆದವರ ನಾಡಿದು. ಹಾಗೆಯೇ ಕಾಯಿದೆಯು ಸಮ್ಮತಿಸಿದುದನ್ನೆಲ್ಲ ಮಾಡತಕ್ಕದ್ದೆಂದೂ ಇಲ್ಲ. ಆದುದರಿಂದ ನಿಮ್ಮ ಮುಂದಿರುವ ಪ್ರಶ್ನೆಯು ಕಾಯಿದೆಯ ಪುಸ್ತಕದಲ್ಲಿ ಆರಂಭವಾಗುವದೂ ಇಲ್ಲ, ಅಲ್ಲಿಯೇ ಮುಗಿಯುವದೂ ಇಲ್ಲ.

ಟಪಾಲು ನೌಕರರು ಈ ಪ್ರಶ್ನೆಯನ್ನು ಚರ್ಚಿಸಲು ಕುಳಿತಲ್ಲೆಲ್ಲ ಎರಡು ಧ್ವನಿಗಳು ಕೇಳಬರುವವು. "ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ, ಉತ್ತರ ಮಾತ್ರ ಬಂದಿಲ್ಲ. ಇನ್ನು ಚೀಲವನ್ನು ಕೆಳಗಿಡದ ಹೊರತು ಮೇಲಿನವರ ಕಣ್ಣು ತೆರೆಯದು" ಎಂಬುದು ಒಂದು. "ಚೀಲದಲ್ಲಿರುವದು ಸರಕಾರದ ಸ್ವತ್ತಲ್ಲ, ಯಾರದೋ ಮಗನು ತಾಯಿಗೆ ಕಳಿಸಿದ ಹಣ, ಅದನ್ನು ತಡೆದು ನಾವು ಯಾರ ಮೇಲೆ ಸೇಡು ತೀರಿಸಿದಂತಾಯಿತು?" ಎಂಬುದು ಇನ್ನೊಂದು. ಮೊದಲಿನವನನ್ನು ಪುಂಡನೆಂದೂ ಎರಡನೆಯವನನ್ನು ಹೇಡಿಯೆಂದೂ ಕರೆಯುವದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಸತ್ಯವನ್ನೇ ನುಡಿಯುತ್ತಿರುವರು. ಅದಕ್ಕಾಗಿಯೇ ಈ ಪ್ರಶ್ನೆಯು ಇಷ್ಟು ಕಠಿಣವಾಗಿರುವದು.

ಗಿರಣಿಯ ಕೂಲಿಕಾರರು ಸಂಪು ಹೂಡಿದರೆ ನೂಲು ನಿಲ್ಲುವದು. ನೂಲು ನಿಂತರೆ ಒಡೆಯನ ಲಾಭವು ನಿಲ್ಲುವದು. ದಿನ ಕಳೆದಂತೆ ಆತನ ಜೇಬೇ ಆತನಿಗೆ ಬುದ್ಧಿ ಹೇಳುವದು. ಟಪಾಲಿನಲ್ಲಿ ಹಾಗಿಲ್ಲ. ಇಲ್ಲಿ ಕೆಲಸ ನಿಂತರೆ ದಿಲ್ಲಿಯ ಮಂತ್ರಿಗಳ ಮನೆಯಲ್ಲಿ ಅಡಿಗೆ ನಿಲ್ಲುವದಿಲ್ಲ. ಕಷ್ಟವು ಮೊದಲು ತಟ್ಟುವದು ವೃದ್ಧಾಪ್ಯವೇತನದ ದಾರಿ ಕಾಯುವ ಮುದುಕಿಗೆ, ನೌಕರಿಯ ಸಂದರ್ಶನದ ಕರೆಯನ್ನು ಎದುರುನೋಡುವ ತರುಣನಿಗೆ. ಆದುದರಿಂದ ಟಪಾಲಿನ ಮುಷ್ಕರವು ಒಡೆಯನ ಮೇಲೆ ಹಾಕುವ ಒತ್ತಡಕ್ಕಿಂತ ಹೆಚ್ಚಾಗಿ ಜನತೆಗೆ ಮಾಡಿಕೊಳ್ಳುವ ಒಂದು ಬಿನ್ನಹವಾಗಿದೆ. ಜನರು ಅದನ್ನು ಮನ್ನಿಸಿದರೆ ಸರಕಾರವು ಬಾಗುವದು. ಜನರು ಮುಖ ತಿರುಗಿಸಿದರೆ ಸರಕಾರಕ್ಕೆ ಲಾಠಿಯೂ ಬೇಕಾಗುವದಿಲ್ಲ. ಇದಕ್ಕೆ ನಮ್ಮ ದೇಶದಲ್ಲಿಯೇ ಎರಡು ದೃಷ್ಟಾಂತಗಳಿವೆ. ಅವುಗಳನ್ನು ತುಸು ವಿಸ್ತಾರವಾಗಿ ನೋಡೋಣ.

ಮೊದಲನೆಯದು 1946ರ ಜುಲೈ ತಿಂಗಳಿನದು. ಮಹಾಯುದ್ಧವು ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಧಾನ್ಯವು ಪಡಿಚೀಟಿಯ ಮೇಲೆ, ಬಟ್ಟೆಯು ಪಡಿಚೀಟಿಯ ಮೇಲೆ. ಬೆಲೆಗಳು ಏರಿದ ಮೆಟ್ಟಿಲಿಂದ ಇಳಿಯಲೊಲ್ಲವು. ಪೋಸ್ಟಮನ್ನರೂ ಅವರಿಗಿಂತ ಕೆಳಗಿನ ದರ್ಜೆಯ ನೌಕರರೂ ತಮ್ಮದೇ ಬೇರೆ ಸಂಘವನ್ನು ಕಟ್ಟಿಕೊಂಡಿದ್ದರು. ಕಾರಕೂನರ ಸಂಘವು ಬೇರೆ, ತಂತಿಯವರ ಸಂಘವು ಬೇರೆ. ಅದೇ ವರುಷದ ಮೇ ತಿಂಗಳಿನಲ್ಲಿ ಸರಕಾರವು ವರದಾಚಾರಿಯರ್ ಅವರ ಅಧ್ಯಕ್ಷತೆಯಲ್ಲಿ ಮೊದಲನೆಯ ವೇತನ ಆಯೋಗವನ್ನು ನೇಮಿಸಿತ್ತು. ಆದುದರಿಂದ ಕಾಯಬೇಕೆನ್ನುವವರ ಕೈಯಲ್ಲಿ ಬಲವಾದ ಆಧಾರವೇ ಇತ್ತು: ಆಯೋಗವು ಕುಳಿತಿದೆ, ವರದಿಯು ಬರಲಿ, ಅಲ್ಲಿಯವರೆಗೆ ತಾಳಿರಿ! ಆ ವರದಿಯು ಬಂದುದು 1947ರ ಮೇ ತಿಂಗಳಿನಲ್ಲಿ. ಕನಿಷ್ಠ ಸಂಬಳ 30 ರೂಪಾಯಿ, ತುಟ್ಟಿಭತ್ಯೆ 25 ರೂಪಾಯಿ, ಕೂಡಿ 55 ರೂಪಾಯಿ ಎಂದು ಅದು ನಿರ್ಣಯಿಸಿತು. ವರದಿಯನ್ನು ನಾವು ಹಳಿಯುವದಿಲ್ಲ. ಆದರೆ ಜುಲೈಯಲ್ಲಿ ಹಸಿದವನಿಗೆ ಬರುವ ಮೇ ತಿಂಗಳಿನ ಊಟವನ್ನು ತೋರಿಸಿದರೆ ಆತನು ಏನು ಮಾಡಿಯಾನು?

ಪೋಸ್ಟಮನ್ನರು ಕಾಯಲಿಲ್ಲ. ಜುಲೈ 11ರಂದು ಅವರೂ ಕೆಳದರ್ಜೆಯ ನೌಕರರೂ ಕೆಲಸ ನಿಲ್ಲಿಸಿದರು. ಗಮನಿಸಿರಿ: ಮೊದಲು ಹೊರಬಿದ್ದವರು ಮೇಜಿನ ಹಿಂದೆ ಕುಳಿತವರಲ್ಲ, ಬಿಸಿಲಲ್ಲಿ ಅಲೆಯುವವರು. ಮುಂದಿನ ದಿನಗಳಲ್ಲಿ ಹಲವು ಕಡೆ ಕಾರಕೂನರೂ ತಂತಿ ನೌಕರರೂ ಅವರನ್ನು ಕೂಡಿಕೊಂಡರು. ಮುಂಬಯಿ, ಕಲಕತ್ತೆಗಳಲ್ಲಿ ಪತ್ರಗಳ ಗುಡ್ಡವೇ ಬೆಳೆಯಿತು. ಆದರೆ ಪತ್ರ ಬಾರದುದಕ್ಕೆ ಜನರು ನೌಕರರನ್ನು ಶಪಿಸಲಿಲ್ಲ. ಜುಲೈ 29ರಂದು ಕಲಕತ್ತೆಯಲ್ಲಿ ಅವರಿಗೆ ಬೆಂಬಲವಾಗಿ ಸಾರ್ವತ್ರಿಕ ಹರತಾಳವೇ ನಡೆಯಿತು. ಟ್ರಾಮು ನಿಂತಿತು, ಗಿರಣಿ ನಿಂತಿತು, ಅಂಗಡಿಗಳು ಮುಚ್ಚಿದವು. ಹಿಂದೂಗಳೂ ಮುಸಲ್ಮಾನರೂ ಒಂದೇ ಮೆರವಣಿಗೆಯಲ್ಲಿ ನಡೆದರು. ಆಗಸ್ಟಿನ ಮೊದಲ ವಾರದಲ್ಲಿ, ಸರಕಾರವು ಹಲವು ಬೇಡಿಕೆಗಳಿಗೆ ಒಪ್ಪಿದ ಮೇಲೆ ಮುಷ್ಕರವು ನಿಂತಿತು. ಅದೇ ತಿಂಗಳಿನ 16ನೆಯ ತಾರೀಖಿಗೆ ಅದೇ ಕಲಕತ್ತೆಯ ಬೀದಿಗಳಲ್ಲಿ ರಕ್ತದ ಕಾಲುವೆಯೇ ಹರಿಯಿತು. ಎರಡರ ನಡುವೆ ಕೇವಲ 18 ದಿನಗಳು! ಆ ಘೋರವನ್ನು ಬಣ್ಣಿಸುವದು ಇಂದಿನ ವಿಷಯವಲ್ಲ. ಆದರೂ ಒಂದು ಊರನ್ನು ಒಂದು ದಿನದ ಮಟ್ಟಿಗಾದರೂ ಕೂಡಿಸಿದ ಕಾರಣವು ಪೋಸ್ಟಮನ್ನನ ಸಂಬಳವಾಗಿತ್ತೆಂಬುದನ್ನು ಮರೆಯಲಾಗದು.

ಕನ್ನಡಿಗರು ಇಲ್ಲಿ ಇನ್ನೊಂದು ಮಾತನ್ನು ನೆನೆಯಬೇಕು. ಮೈಸೂರಿನ ಅಂಚೆಯು 1889ರಲ್ಲಿಯೇ ಬ್ರಿಟಿಷ್ ಹಿಂದುಸ್ತಾನದ ಟಪಾಲಿನಲ್ಲಿ ಲೀನವಾಗಿತ್ತು; ಹೈದರಾಬಾದ ಸಂಸ್ಥಾನದಲ್ಲಿಯಾದರೋ ನಿಜಾಮರದೇ ಬೇರೆ ಟಪಾಲು, ಬೇರೆ ಸ್ಟಾಂಪು. ಹೀಗಾಗಿ ಒಂದೇ ನುಡಿಯನ್ನಾಡುವ ಇಬ್ಬರು ಟಪಾಲಿನವರಲ್ಲಿ ಧಾರವಾಡದವನು ಒಬ್ಬ ಒಡೆಯನ ಆಳು, ರಾಯಚೂರಿನ ಕಡೆಯವನು ಇನ್ನೊಬ್ಬ ಒಡೆಯನ ಆಳು ಆಗಬಹುದಾಗಿತ್ತು. ಒಡೆಯರು ಬೇರೆಯಾದಲ್ಲಿ ಬೇಡಿಕೆಯು ಒಂದಾಗುವದು ಕಷ್ಟ. ಇಂದು ಆ ಅಡ್ಡಿಯಿಲ್ಲ. ಅಡ್ಡಿಯು ಬೇರೆ ಕಡೆಯಿಂದ ಬಂದಿದೆ. ಅದನ್ನು ಮುಂದೆ ಹೇಳುವೆವು.

ಎರಡನೆಯ ದೃಷ್ಟಾಂತವು 1960ರದು. ಆಗ ಸರಕಾರವು ಪರರದಲ್ಲ, ನಮ್ಮದೇ. 1957ರಲ್ಲಿ ಕಾರ್ಮಿಕ ಸಮ್ಮೇಳನದ 15ನೆಯ ಅಧಿವೇಶನವು, ಕನಿಷ್ಠ ಕೂಲಿಯನ್ನು ಮನುಷ್ಯನ ಅವಶ್ಯಕತೆಯ ಮೇಲಿಂದ ಎಣಿಸತಕ್ಕದ್ದೆಂದು ನಿಯಮಿಸಿತ್ತು. ಕುಟುಂಬವೆಂದರೆ ಮೂರು ಜನರ ಊಟ, ಆ ಊಟಕ್ಕೆ ಕೂನೂರಿನ ಆಹಾರ ಸಂಶೋಧನಾಲಯದ ಮುಖ್ಯಸ್ಥರಾಗಿದ್ದ ಡಾಕ್ಟರ್ ಅಕ್ರಾಯ್ಡರ ಲೆಕ್ಕ, ವರುಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಉರುವಲು ದೀಪಗಳಿಗೆ ಶೇಕಡಾ 20. ಇದು ಭೋಗದ ಪಟ್ಟಿಯಲ್ಲ, ಬದುಕಿನ ಪಟ್ಟಿ. ಆದರೆ ಎರಡನೆಯ ವೇತನ ಆಯೋಗವು 80 ರೂಪಾಯಿಗಳಲ್ಲಿ ನಿಂತುಬಿಟ್ಟಿತು. ಕೇಂದ್ರ ಸರಕಾರದ ನೌಕರರು ಜುಲೈ 11ರ ನಡುರಾತ್ರಿಯಿಂದ ಮುಷ್ಕರ ಹೂಡಿದರು. ಟಪಾಲಿನವರು ಅವರಲ್ಲಿ ಮುಂಚೂಣಿಯಲ್ಲಿದ್ದರು. ಸರಕಾರವು ಮುಂದಾಗಿಯೇ ಸುಗ್ರೀವಾಜ್ಞೆಯನ್ನು ಹೊರಡಿಸಿತ್ತು. ಸಾವಿರಾರು ಜನರು ಬಂಧಿತರಾದರು, ಸಂಘಗಳ ಮಾನ್ಯತೆಯು ಹೋಯಿತು, ಐದು ದಿನಗಳಲ್ಲಿ ಮುಷ್ಕರವು ಮುರಿಯಿತು.

ಬೇಡಿಕೆಯು ನ್ಯಾಯವಾಗಿತ್ತು; ಶೌರ್ಯಕ್ಕೂ ಕೊರತೆಯಿರಲಿಲ್ಲ. ಹಾಗಾದರೆ ಸೋತುದೇಕೆ? ಸರಕಾರದ ದಂಡಶಕ್ತಿಯೊಂದನ್ನೇ ಕಾರಣವಾಗಿ ಹೇಳುವವರುಂಟು. 1946ರ ಸರಕಾರದ ಕೈಯಲ್ಲಿ ದಂಡವು ಕಡಿಮೆಯಿತ್ತೇ? ಸ್ವಂತ ಸರಕಾರವನ್ನು, ಅದೂ ಜವಾಹರಲಾಲರ ಸರಕಾರವನ್ನು, ಸ್ವಾತಂತ್ರ್ಯ ಬಂದು 13 ವರುಷಗಳೊಳಗೆ ತಡೆದು ನಿಲ್ಲಿಸುವದು ದೇಶದ್ರೋಹವೆಂಬ ಮಾತಿಗೆ ಜನರು ಕಿವಿಗೊಟ್ಟರು. ಆ 72 ಗಜ ಬಟ್ಟೆಯ ಲೆಕ್ಕವು ಅವರ ಕಿವಿಗೆ ಮುಟ್ಟಿರಲೇ ಇಲ್ಲ. ಮಧ್ಯಮ ವರ್ಗದವರಾದ ನಾವು, ವಕೀಲರು, ಉಪಾಧ್ಯಾಯರು, ವ್ಯಾಪಾರಸ್ಥರು, ಆಗ ನೌಕರನಿಗಿಂತ ಮಂತ್ರಿಯನ್ನೇ ಹೆಚ್ಚು ನಂಬಿದೆವು. 1968ರ ಸೆಪ್ಟೆಂಬರ್ 19ರಂದು ಇದೇ ಬೇಡಿಕೆಗಾಗಿ ಒಂದು ದಿನದ ಮುಷ್ಕರವಾದಾಗಲೂ ಸುಗ್ರೀವಾಜ್ಞೆ, ಸೆರೆ, ಪಠಾಣಕೋಟೆಯಲ್ಲಿ ಗೋಲಿಬಾರು!

ಹೊರದೇಶದ ಮಾತು ಎರಡೇ. ಅಮೇರಿಕೆಯ ನ್ಯೂಯಾರ್ಕಿನಲ್ಲಿ ಪತ್ರ ಹಂಚುವವನು ತನ್ನ ದರ್ಜೆಯ ತುದಿಯ ಸಂಬಳವನ್ನು ಮುಟ್ಟಬೇಕಾದರೆ 21 ವರುಷ ದುಡಿಯಬೇಕಾಗಿತ್ತು. ಅಲ್ಲಿ ಸರಕಾರೀ ನೌಕರನ ಮುಷ್ಕರವು ಸೆರೆವಾಸದ ಅಪರಾಧ. ದೇಶದ ಮಟ್ಟದ ಮುಖಂಡರು ಬೇಡವೆಂದರು. ಆದರೂ 1970ರ ಮಾರ್ಚ್ 17ರಂದು ಊರಿನ ಶಾಖೆಯು ಮತ ಹಾಕಿಸಿತು: ಬೇಕೆಂದವರು 1,555, ಬೇಡವೆಂದವರು 1,055. ಬೇಡವೆಂದವರ ಸಂಖ್ಯೆಯು ಸಣ್ಣದಲ್ಲ. ಆದರೆ ಎಣಿಕೆಯಾದ ಮೇಲೆ ಅವರೂ ಕೂಡಿಯೇ ಹೊರನಡೆದರು. ಸುಮಾರು ಎರಡು ಲಕ್ಷ ಜನರು ಎಂಟು ದಿನ ಕೆಲಸ ನಿಲ್ಲಿಸಿದರು. ಅಧ್ಯಕ್ಷ ನಿಕ್ಸನ್ನರು ಸೈನಿಕರನ್ನು ಕಳಿಸಿದರು. ಬಂದೂಕು ಹಿಡಿಯಲು ಕಲಿತವರಿಗೆ ಪತ್ರ ವಿಂಗಡಿಸುವ ವಿದ್ಯೆಯು ಬರಲಿಲ್ಲ. ಕಡೆಗೆ ಸಂಬಳವೂ ಹೆಚ್ಚಿತು, 21 ವರುಷವು 8 ವರುಷವಾಯಿತು. ಮರುವರ್ಷವೇ ಇಂಗ್ಲಂಡಿನಲ್ಲಿ ಅಷ್ಟೇ ಜನರು 47 ದಿನ ಮುಷ್ಕರ ಹೂಡಿ ಬರಿಗೈಯಲ್ಲಿ ಎಂಬಂತೆ ಮರಳಿದರು. ಟೆಲಿಫೋನು ನಿಲ್ಲದೆ ನಡೆದಿತ್ತು. ಖಾಸಗಿಯವರು ಪತ್ರ ಸಾಗಿಸಲು ಸರಕಾರವು ಅನುಮತಿ ಕೊಟ್ಟಿತ್ತು. ಜನರು ಟಪಾಲಿಲ್ಲದೆ ಬಾಳಲು ಕಲಿತುಬಿಟ್ಟರು. ಇಂದು ಪ್ರತಿಯೊಬ್ಬರ ಜೇಬಿನಲ್ಲಿ ಫೋನೂ, ಪ್ರತಿಯೊಂದು ಪೇಟೆಯಲ್ಲಿ ಕೊರಿಯರಿನ ಅಂಗಡಿಯೂ ಇರುವಾಗ ಈ ಇಂಗ್ಲಂಡಿನ ದೃಷ್ಟಾಂತವನ್ನು ನಿಮ್ಮ ಸಭೆಯಲ್ಲಿ ಎರಡು ಸಲ ಓದಬೇಕು.

ಇನ್ನು ಕಾಯಿದೆಯ ಮಾತು. 1898ರ ಪೋಸ್ಟ್ ಆಫೀಸು ಕಾಯಿದೆಯ 50ನೆಯ ಕಲಮಿನಲ್ಲಿ, ಟಪಾಲು ಸಾಗಿಸುವ ಅಥವಾ ಹಂಚುವ ನೌಕರನು ಅಪ್ಪಣೆಯಿಲ್ಲದೆ, ಇಲ್ಲವೆ ಒಂದು ತಿಂಗಳ ಲಿಖಿತ ನೋಟೀಸು ಕೊಡದೆ ಕೆಲಸ ಬಿಟ್ಟರೆ ಒಂದು ತಿಂಗಳವರೆಗೆ ಸಜೆ, ಇಲ್ಲವೆ 50 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ನೂರಕ್ಕೂ ಮಿಕ್ಕ ವರುಷಗಳ ವರೆಗೆ ಈ ಕಲಮು ಪುಸ್ತಕದಲ್ಲಿತ್ತು. ಚೀಲ ಹೊರುವವನಿಗೆ ಇಂಥ ಸಜೆಯನ್ನು ಬರೆದಿಟ್ಟವರು, ಆತನ ಸಂಬಳವನ್ನು ವರುಷಗಟ್ಟಲೆ ಏರಿಸದ ಅಧಿಕಾರಿಗೆ ಯಾವ ಸಜೆಯನ್ನೂ ಬರೆಯಲಿಲ್ಲವೆಂಬುದು ಸೋಜಿಗವೇನಲ್ಲ. 2023ರ ಹೊಸ ಕಾಯಿದೆಯು ಇದರ ಸ್ಥಾನದಲ್ಲಿ ಬಂದಿದೆ. ಅದರಲ್ಲಿ ಅಂಥ ಕಲಮಿಲ್ಲ. ಆದರೆ ಇದರಿಂದ ಹಿಗ್ಗಬೇಡಿರಿ. ನಡತೆಯ ನಿಯಮಗಳು ಮುಷ್ಕರವನ್ನು ಇಂದಿಗೂ ನಿಷೇಧಿಸಿವೆ. ಮೆರವಣಿಗೆ ಮಾಡುವ ಹಕ್ಕನ್ನು ನೌಕರನಿಂದ ಪೂರ್ತಿಯಾಗಿ ಕಸಿಯಲಾಗದು, ಮುಷ್ಕರವು ಮಾತ್ರ ಮೂಲಭೂತ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಹೇಳಿತು. 2003ರಲ್ಲಿ ತಮಿಳುನಾಡಿನ ನೌಕರರ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ಸರಕಾರೀ ನೌಕರರಿಗೆ ಮುಷ್ಕರದ ನೈತಿಕ ಹಕ್ಕೂ ಇಲ್ಲವೆಂದಿತು. ಮೂಲಭೂತ ಹಕ್ಕು ಯಾವುದು, ಕಾಯಿದೆಯ ಹಕ್ಕು ಯಾವುದು ಎಂಬುದನ್ನು ತೀರ್ಮಾನಿಸುವ ಅಧಿಕಾರವು ನ್ಯಾಯಾಲಯಕ್ಕುಂಟು, ತಲೆಬಾಗುವೆವು. ನೈತಿಕ ಹಕ್ಕಿನ ತೀರ್ಮಾನವು ನ್ಯಾಯಾಸನದಿಂದ ಆಗತಕ್ಕದ್ದಲ್ಲವೆಂಬುದು ನಮ್ಮ ವಿನಯಪೂರ್ವಕವಾದ ಅಭಿಪ್ರಾಯವು. ಅದೇನೇ ಇರಲಿ, ಹೊರಬೀಳುವವನು ಆ ದಿನಗಳ ಸಂಬಳ ಹೋಗುವದನ್ನೂ, ಸೇವೆಯಲ್ಲಿ ಖಂಡ ಬೀಳಬಹುದಾದುದನ್ನೂ ಮೊದಲೇ ತಿಳಿದುಕೊಂಡು ಹೊರಬೀಳಬೇಕು. ಇದನ್ನು ಮುಚ್ಚಿಟ್ಟು ಚಪ್ಪಾಳೆ ಗಿಟ್ಟಿಸುವ ಮುಂದಾಳು ನಿಮ್ಮ ಹಿತೈಷಿಯಲ್ಲ.

ಹಿಂದೆ ಹೇಳಿದ ಅಡ್ಡಿಯ ಮಾತಿಗೆ ಈಗ ಬರುವೆವು. ಇಂದಿನ ಭಾಷಣದ ಮುಖ್ಯ ವಿಷಯವೇ ಅದು. ಹಳ್ಳಿಯ ಶಾಖಾ ಟಪಾಲು ಕಚೇರಿಯನ್ನು ನಡೆಸುವವರು ನಿಮ್ಮಂತೆ ಕಾಯಂ ನೌಕರರಲ್ಲ. ಬ್ರಿಟಿಷರು ಹಳ್ಳಿಗಳಿಗೆ ಟಪಾಲನ್ನು ಮುಟ್ಟಿಸಲು ಒಂದು ಅಗ್ಗದ ಉಪಾಯವನ್ನು ಹೂಡಿದರು: ಊರಿನ ಶಾಲಾ ಮಾಸ್ತರನಿಗೋ, ಅಂಗಡಿಕಾರನಿಗೋ, ಹೊಲವುಳ್ಳವನಿಗೋ ಸ್ಟಾಂಪಿನ ಪೆಟ್ಟಿಗೆಯನ್ನು ಒಪ್ಪಿಸಿ, ಆತನ ಬಿಡುವಿನ ಒಂದೆರಡು ತಾಸಿಗೆ ಚಿಕ್ಕದೊಂದು ಭತ್ಯೆಯನ್ನು ಕೊಡುವದು. ಈ ಸಭೆಯಲ್ಲಿರುವ ಉಪಾಧ್ಯಾಯರಲ್ಲಿ ಕೆಲವರ ಅಜ್ಜಂದಿರು ಬೆಳಿಗ್ಗೆ ಬಾಲಬೋಧೆಯನ್ನೂ ಸಂಜೆ ಮನಿಆರ್ಡರನ್ನೂ ನೋಡಿದವರೇ ಇರಬೇಕು. ಮಾಸ್ತರರಿಗೆ ಶಾಲೆಯ ಸಂಬಳವಿತ್ತು. ಟಪಾಲಿನದು ಮೇಲಿನ ಎಣ್ಣೆಬತ್ತಿಯ ಖರ್ಚಿಗಾಯಿತು. ಕಾಲವು ಬದಲಾಯಿತು, ಮಾಸ್ತರರು ಟಪಾಲನ್ನು ಬಿಟ್ಟರು. ಆದರೆ "ಇವನಿಗೆ ಬೇರೆ ಉತ್ಪನ್ನವುಂಟು" ಎಂಬ ಆ ಹಳೆಯ ಕಲ್ಪನೆಯನ್ನು ಇಲಾಖೆಯು ಬಿಡಲಿಲ್ಲ. ಇಂದು ಗ್ರಾಮೀಣ ಡಾಕ್ ಸೇವಕನೆಂದು ಕರೆಯಿಸಿಕೊಳ್ಳುವ ಈ ಮನುಷ್ಯನು ದಿನಕ್ಕೆ ನಾಲ್ಕೈದು ತಾಸಿನ ಕೆಲಸಗಾರನೆಂದು ಕಾಗದದಲ್ಲಿ ಬರೆಯಲ್ಪಟ್ಟಿರುವನು. ಕಚೇರಿಗೆ ಜಾಗವನ್ನು ತಾನೇ ಒದಗಿಸಬೇಕು. ಜನರು ಆತನ ಮನೆಯ ಬಾಗಿಲನ್ನು ಯಾವ ತಾಸಿನಲ್ಲಿ ತಟ್ಟುವರೆಂಬುದು ಕಾಗದದಲ್ಲಿ ಬರೆದಿಲ್ಲ. ಇವರದು ಸರಕಾರದ ಅಧೀನದ ಹುದ್ದೆಯೇ ಸರಿಯೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ರಾಜಮ್ಮನೆಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದರೂ ಕಾಯಂ ನೌಕರನ ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ.

2018ರ ಮೇ 22ರಂದು ಇವರು ದೇಶದಲ್ಲೆಲ್ಲ ಕೆಲಸ ನಿಲ್ಲಿಸಿದರು. ಕಮಲೇಶ ಚಂದ್ರರ ಸಮಿತಿಯು 2016ರಲ್ಲಿಯೇ ವರದಿಯನ್ನು ಒಪ್ಪಿಸಿತ್ತು. ಒಂದೂವರೆ ವರುಷ ಅದು ದಿಲ್ಲಿಯ ಕಪಾಟಿನಲ್ಲಿ ಮಲಗಿತ್ತು. ಎರಡು ವಾರಗಳ ಮುಷ್ಕರದ ಮೇಲೆ, ಜೂನ್ 6ರಂದು, ಮಂತ್ರಿಮಂಡಲವು ಎಚ್ಚತ್ತಿತು. ಅದುವರೆಗೆ 2,295 ರೂಪಾಯಿಗಳಿಂದ 4,115 ರೂಪಾಯಿಗಳವರೆಗೆ ಇದ್ದ ಮೂಲಭತ್ಯೆಯು ಶಾಖಾ ಪೋಸ್ಟ್‌ಮಾಸ್ತರನಿಗೆ ನಾಲ್ಕು ತಾಸಿಗೆ 12,000, ಐದು ತಾಸಿಗೆ 14,500 ಎಂದೂ, ಸಹಾಯಕನಿಗೆ 10,000, 12,000 ಎಂದೂ ಆಯಿತು. ತುಟ್ಟಿಭತ್ಯೆಯು ಬೇರೆ. ಕಪಾಟಿನ ಬೀಗವು ಅರ್ಜಿಯಿಂದ ತೆರೆಯಲಿಲ್ಲ, ಮುಷ್ಕರದಿಂದ ತೆರೆಯಿತು. ಇದು ಇದ್ದುದನ್ನು ಇದ್ದಂತೆ ಹೇಳಿದ ಮಾತು. ಆ ಎರಡು ವಾರ ಹಳ್ಳಿಗಳಲ್ಲಿ ವಿಧವೆಯರೂ ಮುದುಕರೂ ಮಾಸಾಶನಕ್ಕಾಗಿ ಬಾಗಿಲು ಕಾಯಬೇಕಾಯಿತೆಂಬುದೂ ಇದ್ದ ಮಾತೇ.

ಈಗ ಕಾಯಂ ನೌಕರರಾದ ನಿಮಗೆ ನಮ್ಮದೊಂದು ಪ್ರಶ್ನೆಯುಂಟು. ಮುಷ್ಕರ ಬೇಕೋ ಬೇಡವೋ ಎಂದು ಚರ್ಚಿಸುವಾಗ ಹಳ್ಳಿಯವನು ಆ ಚಾಪೆಯ ಮೇಲೆ ಕುಳಿತಿರುವನೇ? ಪಿಂಚಣಿಯುಳ್ಳವನು ಮೊದಲು ಮಾತಾಡಿ ಬಹಳ ಹೊತ್ತು ಮಾತಾಡುವನು. ಪಿಂಚಣಿಯಿಲ್ಲದವನು ಬಸ್ಸಿನ ಹೊತ್ತಾಯಿತೆಂದು ಎದ್ದುಹೋಗುವನು. ನಿಮ್ಮ ಬೇಡಿಕೆಯು ಕೇವಲ ಪೇಟೆಯ ಬೇಡಿಕೆಯಾದರೆ ಪೇಟೆಯ ಜನರು ಕೊರಿಯರಿನ ಕಡೆಗೆ ತಿರುಗುವರು, ಇಂಗ್ಲಂಡಿನ ಕಥೆಯಾಗುವದು. ಕೊರಿಯರಿನವನು ಹೋಗದ ಹಳ್ಳಿಗೆ ಹೋಗುವವನು ಆ ಅರೆನೌಕರನೊಬ್ಬನೇ. ಜನತೆಯ ಮನಸ್ಸಿನಲ್ಲಿ ಟಪಾಲಿಗೆ ಇನ್ನೂ ಉಳಿದಿರುವ ಮರ್ಯಾದೆಯ ಬಹುಭಾಗವು ಆತನ ಸೈಕಲ್ಲಿನ ಮೇಲೆಯೇ ಉಳಿದಿದೆ. 1946ರಲ್ಲಿ ಕೆಳಗಿನವರು ಮೊದಲು ಹೊರಬಿದ್ದರು, ಮೇಲಿನವರು ಆಮೇಲೆ ಕೂಡಿದರು. ನೀವಾದರೋ ಆತನನ್ನು ಹೊರಗಿಟ್ಟು ಹೊರಡುವದಾದರೆ ಹೊರಡದಿರುವದೇ ಲೇಸು.

ಹೊರಡುವದೇ ನಿಶ್ಚಯವಾದರೆ, ಕೈಯೆತ್ತಿಸಿ ನಿರ್ಣಯಿಸಬೇಡಿರಿ. ನೆರೆಯವನು ನೋಡುತ್ತಿರುವಾಗ ಎತ್ತಿದ ಕೈಯು ಮೂರನೆಯ ದಿನಕ್ಕೆ ಇಳಿಯುವದು. ಚೀಟಿಯಿಂದಲೇ ಮತವಾಗಲಿ, ಬೇಡವೆಂದವರ ಸಂಖ್ಯೆಯನ್ನೂ ಊರಿಗೆ ಸಾರಿರಿ. ತಾರೀಖನ್ನು ಒಂದು ತಿಂಗಳು ಮುಂಚೆ ಹೇಳಿರಿ; ಕಾಯಿದೆಯು ಕೇಳಲಿ ಬಿಡಲಿ, ನಿಮ್ಮನ್ನು ನಂಬಿ ಕಾಗದ ಹಾಕಿದವನು ಅದನ್ನು ಕೇಳಲು ಬಾಧ್ಯನು. ಆ ತಿಂಗಳಿನ ಮಾಸಾಶನಗಳು ಬಟವಡೆಯಾದ ಮೇಲೆಯೇ ಚೀಲವನ್ನು ಕೆಳಗಿಡಿರಿ. ಇದರಿಂದ ಮುಷ್ಕರವು ಮೊಂಡಾಗುವದೆಂದು ನಿಮ್ಮ ತರುಣರು ಹೇಳಬಹುದು. ಮುದುಕಿಯ ಹಸಿವೆಯಿಂದ ಹರಿತವಾಗುವ ಆಯುಧವನ್ನು ಕಂಡು ಊರು ನಿಮ್ಮ ಬದಿಗೆ ಬಾರದೆಂದು ಅವರಿಗೆ ಉತ್ತರ ಕೊಡಿರಿ.

ನಾಗರಿಕ ಮಹನೀಯರೇ, ನಿಮಗೂ ಕೆಲಸವುಂಟು. ಮುಷ್ಕರದ ದಿನಗಳಲ್ಲಿ ಕಾಗದ ಬರಲಿಲ್ಲವೆಂದು ಗೊಣಗುವ ಮೊದಲು, ಕಾಗದ ತರುವವನ ತಿಂಗಳ ಉತ್ಪನ್ನವೆಷ್ಟೆಂದು ಆತನನ್ನೇ ಕೇಳಿ ತಿಳಿಯಿರಿ. ಬಡ ಸೇವಕರ ಮನೆಗಳಿಗೆ ಆ ವಾರಗಳ ಜೋಳ ಬೇಳೆಗಳನ್ನು ಕೂಡಿಸಿಕೊಡಲು ಪೇಟೆಯ ವರ್ತಕರೂ ಉಪಾಧ್ಯಾಯರೂ ಸೇರಿ ಒಂದು ಸಮಿತಿಯನ್ನು ಇಂದೇ ನೇಮಿಸಬಹುದು. ಅದರ ಲೆಕ್ಕಪತ್ರಗಳನ್ನು ನೋಡಲು ನಾವು ಒಪ್ಪಿದ್ದೇವೆ. ಇನ್ನು ಮತದ ಚೀಟಿಗಳು. ಅವು ತಾಲೂಕಿನ ಎಲ್ಲ ಶಾಖಾ ಕಚೇರಿಗಳಿಗೂ ಹೋಗಿ ತುಂಬಿ ಬಂದ ಮೇಲೆಯೇ ಪೇಟೆಯ ದೊಡ್ಡ ಕಚೇರಿಯವರು ತಮ್ಮ ಚೀಟಿಯನ್ನು ಹಾಕಲಿ. ಹಳ್ಳಿಯ ಲೆಕ್ಕವನ್ನು ಮೊದಲು ಓದಿಸಿರಿ.